ಬೆಲ್ಟಿನ ಬಾಯಿಗೆ ಬಿರಡೆ

ನನ್ನ ಅಕ್ಕನನ್ನು ಕೊಂದದ್ದು ಕಾರಿನ ಚಕ್ರ ಎಂದು ನಮ್ಮ ಬಳಗದವರೆಲ್ಲ ನಂಬಿದ್ದಾರೆ. ಆ ಚಕ್ರಗಳನ್ನು ಹಾಕಿಸಿದವನು ಅವಳ ಮಗ. ಆದ್ದರಿಂದ ತಾಯಿಯನ್ನು ಕೊಂದವನು ಮಗ ಎಂಬುದು ಅವರ ತೀರ್ಮಾನ. ಬಾಯಿಬಿಟ್ಟು ಹಾಗೆ ಯಾರೂ ಹೇಳುವುದಿಲ್ಲ, ನಾವೆಲ್ಲ ಮರ್ಯಾದಸ್ಥರು. "ಈಗಿನ ಹುಡುಗ್ರು" ಎಂದು ಶುರುಮಾಡಿ, ಹುಡುಗ ಕೂತ ಕಡೆ ನೋಡದೆ ಮಾತು ಮುಗಿಸುತ್ತಾರೆ. ಆ ದಿನ ಆ ಕಾರನ್ನು ಓಡಿಸುತ್ತಿದ್ದವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಈ ಸಂಗತಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ನಾನು ವಿಮಾ ಕಂಪನಿಯೊಂದರ ವಾಹನ ವಿಭಾಗದಲ್ಲಿದ್ದೇನೆ. ಅಪಘಾತ ಮಾಡಿಕೊಂಡವರು ಪರಿಹಾರ ಕೇಳಿ ಹಾಕುವ ಅರ್ಜಿಗಳನ್ನು ಓದುವುದೇ ನನ್ನ ಹೊಟ್ಟೆಪಾಡು. ಓದಿ ಓದಿ ಸ್ಟಿಯರಿಂಗ್ ಹಿಡಿದ ಮನುಷ್ಯನ ಮೇಲೆ ನನಗೆ ಒಂದಿಷ್ಟೂ ಗೌರವ ಉಳಿದಿಲ್ಲ. ಬ್ರೇಕ್ ಹಿಡಿಯಲಿಲ್ಲ, ನಾಯಿ ಅಡ್ಡ ಬಂತು, ಎದುರಿನವನ ಲೈಟು ಕಣ್ಣಿಗೆ ಹೊಡೆಯಿತು, ರಸ್ತೆ ಜಾರುತ್ತಿತ್ತು. "ನಾನು ಸರಿಯಾಗಿ ಓಡಿಸಲಿಲ್ಲ" ಎಂದು ಬರೆದ ಪುಣ್ಯಾತ್ಮನನ್ನು ನಾನು ಇನ್ನೂ ಕಾಣಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಮೇಜಿನ ಮೇಲೆ ಬರುವುದೆಲ್ಲ ಡೊಂಕು ನೆಲದ ಕಥೆಗಳೇ.

ಹಾಗೆಂದು ಗಾಡಿಯನ್ನು ತಿದ್ದಿ ಕೆಡಿಸುವವರ ಪರ ನಾನು ವಾದ ಮಾಡುತ್ತಿಲ್ಲ. ಎದುರಿನವರ ಕಣ್ಣು ಕುರುಡಾಗುವ ಲೈಟು ಹಾಕಿಸುವವರು, ಸೀಟು ಕಿತ್ತು ಇನ್ನೊಂದು ಸಾಲು ಸೇರಿಸಿ ಮಂದಿಯನ್ನು ತುಂಬುವವರು, ಇವರನ್ನೆಲ್ಲ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಕಾರು ತಂದು ಅದಕ್ಕೆ ಕಂಪನಿಯದಕ್ಕಿಂತ ಅಗಲವಾದ, ಹೊಳೆಯುವ ಚಕ್ರಗಳನ್ನು ಹಾಕಿಸಿದಾಗ "ಇದೇನ್ ಮದುವಿ ಕುದುರೀನೋ, ಕಾರೋ?" ಎಂದು ಮುಖಕ್ಕೇ ಕೇಳಿದ್ದೆ. ಅವನು ನಕ್ಕು, "ಸುಮ್ಮಾ ಚಿತ್ತಿ, ಆಸೆ" ಅಂದ, ಸುಮ್ಮನೆ ಚಿಕ್ಕಮ್ಮ, ಆಸೆಗೆ ಎಂದು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಹುಡುಗ, ನಾವು ಕನ್ನಡದಲ್ಲಿ ಕೇಳಿದರೆ ಅವನು ತಮಿಳಿನಲ್ಲಿ ಉತ್ತರ ಕೊಡುತ್ತಾನೆ. ತಾಂಬರಂನ ಬ್ಯಾಂಕೊಂದರಲ್ಲಿ ಕೆಲಸ. ವಾರವೆಲ್ಲ ಅಣ್ಣಾ ನಗರದ ಮನೆಯಿಂದ ಮೆಟ್ರೊ, ಎಲೆಕ್ಟ್ರಿಕ್ ಟ್ರೇನ್ ಹಿಡಿದೇ ಓಡಾಡುತ್ತಿದ್ದ. ಭಾನುವಾರ ಕಾರನ್ನು ತೊಳೆದು ಒರೆಸಿ, ಆಮೇಲೆ ಒಂದು ಸುತ್ತು ಹೊರಗೆ ಒಯ್ಯುವನು. ಆ ಚಕ್ರಕ್ಕೆ ಗೀರು ಬಿದ್ದೀತೆಂದು ರಸ್ತೆಯ ಉಬ್ಬು ಕಂಡರೆ ತುಂಬಿದ ಕೊಡ ಹೊತ್ತವನ ಹಾಗೆ ಹತ್ತಿಸಿ ಇಳಿಸುತ್ತಿದ್ದ. ಅವನ ಪಕ್ಕ ಕೂತು ನನಗೆ ಎಷ್ಟೋ ಸಲ ನಿದ್ದೆ ಬಂದಿದೆ.

ಭಾವನ ಪಕ್ಕ ಕೂತರೆ ನಿದ್ದೆಯ ಮಾತೇ ಇಲ್ಲ. ಅವರದು ಒಣಮೆಣಸಿನಕಾಯಿ ವ್ಯಾಪಾರದ ಮನೆತನ, ಅಜ್ಜನ ಕಾಲಕ್ಕೆ ಹುಬ್ಬಳ್ಳಿ ಕಡೆಯಿಂದ ಬಂದವರು. ಅಂಗಡಿಯಲ್ಲಿ ತೂಕ ಒಂದಿಷ್ಟು ಆಚೀಚೆ ಆದರೆ ಹೌಹಾರುವ ಮನುಷ್ಯ, ರಸ್ತೆಗಿಳಿದರೆ ಬೇರೆಯೇ ಪ್ರಾಣಿ. ಮುಂದೆ ಹೋಗುವ ಪ್ರತಿಯೊಂದು ವಾಹನವೂ ತಮಗೆ ಮಾಡಿದ ಅವಮಾನ ಎಂದು ಅವರಿಗೆ ಅನಿಸುತ್ತಿತ್ತು. ಬಲಗಡೆಯಿಂದ ದಾರಿ ಸಿಗದಿದ್ದರೆ ಎಡಗಡೆಯಿಂದ, ಎಡಗಡೆಯೂ ಸಿಗದಿದ್ದರೆ ಹಾರ್ನ್ ಮೇಲೆ ಅಂಗೈ ಒತ್ತಿಟ್ಟು ಬೈಗುಳ. "ನಾ ಮೂವತ್ತು ವರ್ಷದಿಂದ ವಂಡಿ ಹೊಡೀಲಿಕತ್ತೀನಿ, ಇಲ್ಲಿ ತನಕ ಒಂದು ಇರುವಿಗೆ ಹಾಯಿಸಿಲ್ಲ" ಎಂಬುದು ಅವರ ಪಲ್ಲವಿ. ಅವರ ಮುಂದೆ ಬ್ರೇಕ್ ಹಾಕಿ, ಪಕ್ಕಕ್ಕೆ ಸರಿದು ಜೀವ ಉಳಿಸಿಕೊಂಡವರು ಬೇರೆಯವರು ಎಂಬುದು ಅವರ ತಲೆಗೆ ಎಂದೂ ಹೊಳೆದಿರಲಿಲ್ಲ.

ಅಕ್ಕ ಮೊದಮೊದಲು "ಸಾವಕಾಶ ಹೊಡೀರಿ" ಅನ್ನುತ್ತಿದ್ದಳು. ಹಾಗೆ ಅಂದರೆ ಭಾವ ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು, ಹೆಂಡತಿ ಹೇಳಿದ್ದಕ್ಕೆ ಕಾಲು ಎತ್ತಿದರೆ ಗಂಡಸುತನಕ್ಕೆ ಏನಾಗಬೇಕು! ಕ್ರಮೇಣ ಅವಳು ಹೇಳುವುದನ್ನು ಬಿಟ್ಟಳು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂರುತ್ತಿದ್ದಳು. ಭಾವ ಅದನ್ನು ಭಕ್ತಿ ಎಂದುಕೊಂಡರು. "ನಿಮ್ಮಕ್ಕ ಕಾರಿನ್ಯಾಗೂ ಶಿವಧ್ಯಾನ ಬಿಡೂದಿಲ್ಲ ನೋಡವಾ" ಎಂದು ನನ್ನ ಮುಂದೆ ಹೆಮ್ಮೆಪಡುತ್ತಿದ್ದರು. ಅವಳು ಹೆದರಿ ಸಾಯುತ್ತಿದ್ದಾಳೆ ಮಾರಾಯರೇ ಎಂದರೆ ನಗುತ್ತಿದ್ದರು.

ಆ ಕರಡಿಗೆಯ ವಿಷಯವನ್ನು ಹೇಳಲೇಬೇಕು. ನಾವು ಲಿಂಗವಂತರು. ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತೇವೆ, ಎಂದೂ ಮೈಯಿಂದ ತೆಗೆಯುವುದಿಲ್ಲ. ಅಕ್ಕನದು ಅಜ್ಜಿಯಿಂದ ಬಂದ ದಪ್ಪ ಕರಡಿಗೆ, ಸರಿಯಾಗಿ ಎದೆಯ ನಡುವೆ ಬರುತ್ತಿತ್ತು. ಕಾರಿನ ಸೀಟ್ ಬೆಲ್ಟ್ ಹಾಕಿಕೊಂಡರೆ ಪಟ್ಟಿ ಬಂದು ಅದರ ಮೇಲೇ ಒತ್ತುತ್ತದೆ. "ಲಿಂಗಪ್ಪನ ಮ್ಯಾಲೆ ಪಟ್ಟಿ ಬಿಗಿಯೂದು ಅಂದ್ರ ಹೆಂಗ? ಪಾಪ ಬರತೈತಿ" ಅನ್ನುತ್ತಿದ್ದಳು ಅವಳು. ಬೆಲ್ಟ್ ಹಾಕಿಕೊಳ್ಳದಿದ್ದರೆ ಕಾರು ಟಿಂಗ್ ಟಿಂಗ್ ಎಂದು ಬಡಿದುಕೊಳ್ಳುತ್ತದೆ. ಆ ಸದ್ದು ಕೇಳಿದರೆ ಭಾವನ ಪಿತ್ತ ನೆತ್ತಿಗೇರುವುದು.

ಒಂದು ಶುಕ್ರವಾರ ಮಗನ ಕಾರಿನಲ್ಲಿ ನಮ್ಮ ಮನೆಗೆ ಬಂದ ಅಕ್ಕ, ಭಾವ ಪಲ್ಲಾವರಂ ಸಂತೆಗೆ ಹೋಗಿ ಬಂದರು. ಹಳೆಯ ರೇಡಿಯೊ, ಮುರಿದ ಫ್ಯಾನು, ಯಾರದೋ ಮನೆಯ ಇಸ್ತ್ರಿ ಪೆಟ್ಟಿಗೆ ಎಲ್ಲವೂ ಸಿಗುವ ಸಂತೆ ಅದು. ಅಲ್ಲಿಂದ ಅವರು ತಂದದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಲೋಹದ ತುಂಡು, ಬೆಲ್ಟಿನ ತುದಿಯ ಹಾಗೆಯೇ ಇರುವುದು. ಬೆಲ್ಟನ್ನು ಸಿಕ್ಕಿಸುವ ಬಾಯಿಗೆ ಇದನ್ನು ಚುಚ್ಚಿಬಿಟ್ಟರೆ ಬೆಲ್ಟ್ ಹಾಕಿಕೊಂಡಿದ್ದಾರೆಂದು ತಿಳಿದು ಕಾರು ಸುಮ್ಮನಾಗುತ್ತದೆ. ಭಾವ ಅದಕ್ಕೆ ಬಿರಡೆ ಎಂದು ಹೆಸರಿಟ್ಟರು. "ಬಾಯಿ ಬಡಕೊಳ್ಳೂದಕ್ಕ ಬಿರಡಿ ಹೊಡದೆ ನೋಡು!" ಎಂದು ನಮ್ಮ ಮನೆಯ ಮುಂದೆಯೇ ಚುಚ್ಚಿ ತೋರಿಸಿದರು. ಅಕ್ಕನಿಗೂ ಖುಷಿಯೇ. ಲಿಂಗಕ್ಕೆ ಒತ್ತಡವಿಲ್ಲ, ಗಂಡನಿಗೆ ಸಿಟ್ಟಿಲ್ಲ.

ನಾನು ಸುಮ್ಮನಿರಲಿಲ್ಲ. ನಾನೂ ಲಿಂಗ ಕಟ್ಟಿದವಳೇ, ಬೆಳಗಿನ ಪೂಜೆಯಾಗದೆ ಚಹಾ ಕುಡಿಯುವವಳಲ್ಲ. ಶಿವದಾರವನ್ನು ನಾಲ್ಕು ಬೆರಳು ಉದ್ದ ಬಿಟ್ಟುಕೊಂಡಿದ್ದೇನೆ, ಕರಡಿಗೆ ಕೆಳಗೆ ಇಳಿಯುತ್ತದೆ, ಬೆಲ್ಟ್ ಅದರ ಮೇಲಿನಿಂದ ಹಾದುಹೋಗುತ್ತದೆ. ಅದನ್ನೇ ಅಕ್ಕನಿಗೆ ತೋರಿಸಿದೆ. "ದಾರ ಉದ್ದ ಮಾಡಿದ್ರ ಮುಗೀತಲ್ಲ, ಇದೇನ್ ಕಳ್ಳಾಟ?" ಎಂದು ಬೈದೆ. ಅವಳು ನನ್ನ ಗಲ್ಲ ಹಿಂಡಿ, "ಅಷ್ಟ್ ಕೆಳಗ ಇಳಿಬಾರದವಾ. ನೀ ಆಫೀಸಿನಾಕಿ, ನಿಂದೆಲ್ಲ ನಡೀತದ" ಅಂದಳು. ಅವಳ ಮಗನಂತೂ ಕಾರು ಹತ್ತಿದಾಗಲೆಲ್ಲ ಆ ಬಿರಡೆಯನ್ನು ಕಿತ್ತು ಡ್ಯಾಶ್‌ಬೋರ್ಡಿಗೆ ಎಸೆಯುವನು. ಕಾರು ಅವನದೇ ಆದರೂ ಅಪ್ಪ ಅದನ್ನು ಒಯ್ದಾಗಲೆಲ್ಲ ಬಿರಡೆ ತನ್ನ ಜಾಗಕ್ಕೆ ಮರಳುತ್ತಿತ್ತು. ಮಗನ ಚಕ್ರಗಳನ್ನು ನೋಡಿ "ತೇರಿಗೆ ಹೂವು ಕಟ್ಟಿದಂಗ ಕಟ್ಟ್ಯಾನ" ಎಂದು ಆಡಿಕೊಳ್ಳುತ್ತಿದ್ದ ಭಾವ, ನಂಟರ ಮನೆಗೆ ಹೊರಟರೆ ತಮ್ಮ ಹಳೆಯ ಕಾರನ್ನು ಬಿಟ್ಟು ಅದನ್ನೇ ತೆಗೆಯುತ್ತಿದ್ದರು. ಮಂದಿ ತಿರುಗಿ ನೋಡುತ್ತಾರಲ್ಲ.

ಬಿರಡೆ ಅಲ್ಲಿಗೇ ನಿಲ್ಲಲಿಲ್ಲ. ಚೆನ್ನೈಯಲ್ಲಿ ನಮ್ಮವರು ಬೆರಳೆಣಿಕೆಯ ಮನೆಗಳು, ಒಬ್ಬರ ಮನೆಯ ಉಪ್ಪಿನಕಾಯಿ ಇನ್ನೊಬ್ಬರಿಗೆ ಗೊತ್ತು. ಒಂದು ಗೃಹಪ್ರವೇಶದಲ್ಲಿ ಭಾವ ಇದನ್ನು ತೋರಿಸಿದ್ದೇ ತಡ, ಎಲ್ಲ ಹೆಂಗಸರೂ ಗಂಡಂದಿರ ಬೆನ್ನು ಬಿದ್ದರು. ಲಿಂಗಕ್ಕೆ ಪಟ್ಟಿ ತಾಗಬಾರದು ಎಂಬ ಮಾತು ಎಲ್ಲರಿಗೂ ಅದೇ ದಿನ ನೆನಪಾಯಿತು. ಎರಡು ಸಂತೆ ಕಳೆಯುವುದರೊಳಗೆ ಎಲ್ಲರ ಕಾರಿನ ಮುಂದಿನ ಸೀಟಿನಲ್ಲೂ ಒಂದೊಂದು ಬಿರಡೆ. ಹೊಳೆಯುವ ಚಕ್ರ ಹಾಕಿಸುವುದು ಪೋಕರಿತನ, ಇದು ಆಚಾರ.

ಆ ದಿನ ಬೆಳಿಗ್ಗೆ ತಾಂಬರಂ ಆಚೆ ಒಂದು ತೊಟ್ಟಿಲು ಕಾರ್ಯಕ್ಕೆ ಅವರಿಬ್ಬರೇ ಹೊರಟಿದ್ದರು. ಮಗ ಬ್ಯಾಂಕಿಗೆ ಹೋಗಿದ್ದ, ಕಾರು ಮನೆಯಲ್ಲಿತ್ತು. ನನಗೆ ಫೋನು ಬಂದಾಗ ಆಫೀಸಿನಲ್ಲಿದ್ದೆ. ಆಸ್ಪತ್ರೆಗೆ ಓಡಿದರೆ ಭಾವ ಬೆಂಚಿನ ಮೇಲೆ ಕೂತಿದ್ದರು, ಮೊಣಕೈಗೆ ಒಂದು ಪಟ್ಟಿ. ಪೊಲೀಸರು ಹಿಡಿಯುತ್ತಾರೆಂಬ ಹೆದರಿಕೆಗೆ ಅವರು ತಮ್ಮ ಬೆಲ್ಟನ್ನು ಮಾತ್ರ ತಪ್ಪದೆ ಹಾಕಿಕೊಳ್ಳುತ್ತಿದ್ದರು. ಅಕ್ಕ ಗಾಜಿಗೆ ಬಡಿದಿದ್ದಳು. ಆಸ್ಪತ್ರೆಗೆ ತರುವಷ್ಟರಲ್ಲೇ ಅವಳ ಜೀವ ಹೋಗಿತ್ತು.

ನಾನು ಏನಾಯಿತೆಂದು ಕೇಳಿದೆ. ಭಾವ ಹೇಳಿದ್ದು ಇಷ್ಟು: "ಬಸ್ಸಿನಾಂವ ದಾರಿ ಬಿಡವಲ್ಲ. ಎಷ್ಟ್ ಹಾರ್ನ್ ಹೊಡದ್ರೂ ಬಿಡವಲ್ಲ. ಎಡಕ್ಕ ತಗೊಂಡೆ. ಅಲ್ಲಿ ಲಾರಿ ನಿಂತಿತ್ತು ನೋಡವಾ. ವಂಡಿ ತಿರಗಲೇ ಇಲ್ಲ. ಆ ಹಾಳ ಚಕ್ರ..." ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಬಸ್ಸನ್ನು ಎಡಗಡೆಯಿಂದ ಹಿಂದೆ ಹಾಕಲು ಹೋಗಿ, ಅಂಚಿನಲ್ಲಿ ನಿಂತ ಲಾರಿಯ ಹಿಂಬದಿಗೆ ಅಕ್ಕ ಕೂತ ಮಗ್ಗುಲನ್ನೇ ಒಯ್ದು ಹೊಡೆದಿದ್ದರು. ಅದು ತಪ್ಪೆಂದು ತಿಳಿಯದಿದ್ದುದರಿಂದ ಮುಚ್ಚುಮರೆಯಿಲ್ಲದೆ ಹೇಳಿದರು. ತಿಳಿದದ್ದು ಆಮೇಲೆ. ಮಣ್ಣು ಮಾಡುವ ಹೊತ್ತಿಗೆ ಅವರ ಕಥೆಯಿಂದ ಬಸ್ಸು ಮಾಯವಾಗಿತ್ತು. ಮನೆಗೆ ಮಾತನಾಡಿಸಲು ಬರುವವರು ಹೆಚ್ಚಾದಂತೆ ಎಡಗಡೆಯೂ ಮಾಯವಾಯಿತು. ಲಾರಿ ಮಾತ್ರ ತಾನಾಗಿಯೇ ಎದುರಿಗೆ ಬಂದಂತೆ ಉಳಿಯಿತು, ಉಳಿದದ್ದೆಲ್ಲ ಚಕ್ರ.

ಅವತ್ತು ಆಸ್ಪತ್ರೆಯಲ್ಲೇ ನರ್ಸು ಅಕ್ಕನ ಮೈಮೇಲಿನ ಒಡವೆಗಳನ್ನು ತಂದುಕೊಟ್ಟಳು. ಕರಡಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ಬಳಗದ ಹಿರಿಯ ಅತ್ತೆಯೊಬ್ಬಳು ಅದನ್ನು ಕಣ್ಣಿಗೊತ್ತಿಕೊಂಡು, "ಲಿಂಗಪ್ಪಗ ಏನೂ ಆಗಿಲ್ಲ ನೋಡ್ರಿ, ಎಂಥಾ ಮಹಿಮಾ" ಅಂದಳು. ಅವಳ ಬಾಯಿಗೆ ಅಡ್ಡ ಕೈ ಹಿಡಿಯಬೇಕೆನ್ನಿಸಿತು. ಬೆಳ್ಳಿ ಉಳಿಯಿತು ಎಂದು ಸಂತೋಷಪಡಲು ನನ್ನ ಅಕ್ಕ ಆ ಬೆಳ್ಳಿಗೆ ಸುತ್ತಿದ ಬಟ್ಟೆಯಾಗಿರಲಿಲ್ಲ.

ಮಣ್ಣು ಕೊಡುವಾಗ ಮಗ ಬಿಲ್ವಪತ್ರೆ, ವಿಭೂತಿ ಹಿಡಿದು ಗುಂಡಿಯ ಹತ್ತಿರ ಬಂದ. ಭಾವ ಅಡ್ಡ ನಿಂತರು. "ನೀ ಬ್ಯಾಡ. ನಿನ್ನ ಕೈ ಮಣ್ಣ ಆಕಿ ಮ್ಯಾಲೆ ಬೀಳೂದು ಬ್ಯಾಡ." ಇದ್ದವರೆಲ್ಲ ಕೇಳಿದರು. ನಾನು ಬಾಯಿ ತೆರೆದೆ, ಹುಡುಗ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದ. ಹೆತ್ತ ತಾಯಿಗೆ ಒಂದು ಹಿಡಿ ಮಣ್ಣು ಹಾಕದೆ ಅವನು ಹೊರಗಿನವರ ಸಾಲಿನಲ್ಲಿ ನಿಂತ. ಅವತ್ತಿನಿಂದ ಆ ಮನೆಯಲ್ಲಿ ಅವನ ಸ್ಥಾನ ಅದೇ ಆಯಿತು. ಅಪ್ಪ ಅವನೊಡನೆ ಮಾತು ಬಿಟ್ಟರು. ತಾಯಿಯ ಫೋಟೋಗೆ ಹೂವು ಹಾಕಲೂ ಬಿಡಲಿಲ್ಲ.

ಜಖಂ ಆದ ಕಾರು ಪೊಲೀಸ್ ಠಾಣೆಯ ಹಿತ್ತಿಲಲ್ಲಿ ನಿಂತಿತ್ತು. ವಿಮೆಯ ಕೆಲಸಕ್ಕಾಗಿ ಹುಡುಗನನ್ನು ಕರೆದುಕೊಂಡು ನಾನೇ ಹೋದೆ. ಎಡಗಡೆಯ ಮುಂಭಾಗ ಒಳಕ್ಕೆ ನುಗ್ಗಿತ್ತು. ಅವನ ಚಕ್ರಗಳಲ್ಲಿ ಮೂರು ಇನ್ನೂ ಹೊಳೆಯುತ್ತಿದ್ದವು. ಬಾಗಿಲನ್ನು ಎಳೆದು ಬಗ್ಗಿ ನೋಡಿದೆ. ಬಿರಡೆ ಬೆಲ್ಟಿನ ಬಾಯಲ್ಲಿ ಗಟ್ಟಿಯಾಗಿ ಕೂತಿತ್ತು. ಬೆಲ್ಟು ಮೇಲೆ ತನ್ನ ಪಾಡಿಗೆ ಸುತ್ತಿಕೊಂಡು, ಹೊಸದರ ಹಾಗೆ ನೇತಾಡುತ್ತಿತ್ತು. ಇಷ್ಟು ವರ್ಷ ಇಂಥವನ್ನೇ ನೋಡಿದ್ದೇನೆ, ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಬೆಲ್ಟ್ ಹಾಕಿದ್ದರೆ ಅಕ್ಕನ ಪಕ್ಕೆಲುಬು ಮುರಿಯುತ್ತಿತ್ತು, ಕಾಲು ಮುರಿಯುತ್ತಿತ್ತು, ಕುಂಟುತ್ತಾ ನನ್ನ ಮನೆಗೆ ಬಂದು ಚಹಾ ಸರಿಯಿಲ್ಲ ಎನ್ನುತ್ತಿದ್ದಳು.

"ನೋಡಿದ್ಯಾ?" ಎಂದೆ.

ಹುಡುಗ ನನಗಿಂತ ಮೊದಲೇ ನೋಡಿದ್ದ. "ವಿಡುಂಗ ಚಿತ್ತಿ" ಅಂದ, ಬಿಟ್ಟುಬಿಡಿ ಎಂದು. "ಅಪ್ಪಾಕಿಟ್ಟ ಸೊಲ್ಲಾದೀಂಗ." ಅಪ್ಪನಿಗೆ ಹೇಳಬೇಡವಂತೆ.

"ಯಾಕ ಹೇಳಬಾರದು? ಎಡಕ್ಕ ನುಗ್ಗಿದಾಂವ ಅವನು, ಬಿರಡಿ ಹೊಡದಾಂವ ಅವನು. ಪಾಪ ಹೊರಾಂವ ನೀ ಏನು?"

ತಮ್ಮಿಂದಲೇ ಆದದ್ದೆಂದು ಅಪ್ಪನಿಗೆ ಮನವರಿಕೆಯಾದರೆ ಅವರು ಬದುಕುವುದಿಲ್ಲ, ನಾನಾದರೆ ತಾಳಿಕೊಳ್ಳುತ್ತೇನೆ ಎಂದು ಅವನು ತನ್ನ ತಮಿಳಿನಲ್ಲಿ ನಿಧಾನವಾಗಿ ಹೇಳಿದ. ನನಗೆ ಅವನ ಮೇಲೂ ಸಿಟ್ಟು ಬಂತು. ಈ ಒಳ್ಳೆಯತನ ಯಾರಿಗೆ ಬೇಕು? ಇಂಥ ಒಳ್ಳೆಯವರ ಬೆನ್ನ ಮೇಲೆ ಕೂತೇ ಅಂಥ ಅಪ್ಪಂದಿರು ಮೂವತ್ತು ವರ್ಷ ಹಾರ್ನ್ ಹೊಡೆಯುತ್ತಾರೆ. ಆದರೂ ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ವರ್ಷ ತುಂಬುವವರೆಗೆ ಮುಚ್ಚಿಕೊಂಡಿದ್ದೆ.

ವರ್ಷದ ಆರಾಧನೆ ಅಣ್ಣಾ ನಗರದ ಮನೆಯಲ್ಲೇ ನಡೆಯಿತು. ಬಳಗವೆಲ್ಲ ಸೇರಿತ್ತು, ರಸ್ತೆಯ ಎರಡೂ ಬದಿಗೆ ನಮ್ಮವರ ಕಾರುಗಳು. ಅಯ್ಯನವರು ಬಂದು ಮಣೆಯ ಮೇಲೆ ಕೂತರು. ಸತ್ತವರ ಮಕ್ಕಳು ಅವರ ಪಾದಪೂಜೆ ಮಾಡುವುದು ನಮ್ಮಲ್ಲಿ ಪದ್ಧತಿ. ಹುಡುಗ ಬಿಳಿ ಪಂಚೆ ಉಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಕರೆದರೆ ಬರುವ ಆಸೆಯಿಂದ. ಭಾವ ಅವನನ್ನು ಕರೆಯಲಿಲ್ಲ, ತಮ್ಮ ತಮ್ಮನ ಮಗನಿಗೆ ನೀರಿನ ತಂಬಿಗೆ ಕೊಟ್ಟರು. ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಸೇರಿದ್ದ ಹುಡುಗರ ಕಡೆ ತಿರುಗಿ, "ಎಲ್ಲಾರೂ ಕೇಳ್ರಪಾ. ಕಂಪನಿಯವರು ಕೊಟ್ಟ ವಂಡಿಗೆ ಕೈ ಹಚ್ಚಬ್ಯಾಡ್ರಿ. ಶೋಕಿ ಮಾಡಾಕ ಹೋಗಿ ಹೆತ್ತಾಕಿನ್ನ ತಿಂದಾಂವ ಇಲ್ಲೇ ನಿಂತಾನ" ಅಂದರು.

ನನ್ನ ತಾಳ್ಮೆ ಅಲ್ಲಿಗೆ ತೀರಿತು. ಎದ್ದು ನಿಂತೆ.

"ಭಾವಾ, ಕಂಪನಿಯವರು ಕೊಟ್ಟ ಬೆಲ್ಟಿನ ಬಾಯಿಗೆ ಬಿರಡಿ ಹೊಡದವರು ಯಾರ್ರೀ? ಬಸ್ಸಿನ ಎಡಕ್ಕ ನುಗ್ಗಿದವರು ಯಾರು? ಆ ಚಕ್ರ ತಾನಾಗೇ ಹೋತೇನು ಎಡಕ್ಕ? ಬಿರಡಿ ಇನ್ನೂ ಅಲ್ಲೇ ಇತ್ತು. ನಾ ಕಣ್ಣಾರೆ ನೋಡೀನಿ, ನಿಮ್ಮ ಮಗಾನೂ ನೋಡ್ಯಾನ. ನಿಮಗ ನೋವಾಗತದಂತ ಬಾಯಿ ಮುಚ್ಚಿಕೊಂಡ ಕುಂತಾನ. ಅಂಥಾವನ್ನ ಬಾಗಿಲದಾಗ ನಿಲ್ಲಸೀರಿ!"

ಯಾರಾದರೂ ಒಬ್ಬರು ಹೌದೆನ್ನುತ್ತಾರೆಂದು ಸುತ್ತ ನೋಡಿದೆ. ಹೆಂಗಸರು ಸೆರಗು ಸರಿಮಾಡಿಕೊಂಡರು. ಗಂಡಸರು ಅಯ್ಯನವರ ಮಣೆಯನ್ನು ನೋಡಿದರು. ಆಗ ನನಗೆ ಅರ್ಥವಾಯಿತು. ಹೊರಗೆ ನಿಂತ ಒಂದೊಂದು ಕಾರಿನಲ್ಲೂ ಅದೇ ಬಿರಡೆ ಇದೆ. ಇವರು ನನ್ನ ಮಾತಿಗೆ ಹೂಂಗುಟ್ಟಿದರೆ ಮನೆಗೆ ಹೋಗಿ ಅದನ್ನು ಕೀಳಬೇಕು, ಕೀಳದಿದ್ದರೆ ತಮ್ಮ ಹೆಂಡತಿಯ ಮುಖ ನೋಡಬೇಕು. ಅದಕ್ಕಿಂತ ಚಕ್ರವೇ ಸುಲಭ. ಆಸ್ಪತ್ರೆಯಲ್ಲಿ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡಿದ್ದ ಅತ್ತೆ, "ಇಂಥಾ ದಿನ ಇಂಥಾ ಮಾತ್ಯಾಕವಾ" ಎಂದು ಗೊಣಗಿದಳು.

ಭಾವನ ಮುಖ ಬೂದಿಯಾಗಿತ್ತು. ಒಂದು ಗಳಿಗೆ ಈ ಮನುಷ್ಯ ಈಗ ಅಳುತ್ತಾನೆ, ಎಲ್ಲ ಮುಗಿಯುತ್ತದೆ ಅನ್ನಿಸಿತು ನನಗೆ. ಅವರು ಅಳಲಿಲ್ಲ. ಅಕ್ಕನ ಫೋಟೋ ಕಡೆ ಕೈ ಮಾಡಿದರು.

"ಬಿರಡಿ ನನಗ ಬೇಕಾಗಿತ್ತೇನು? ಆಕೀನ ಕೇಳಿದ್ಲು. ಬೆಲ್ಟ್ ಬ್ಯಾಡಂದಾಕಿ ಆಕಿ. ಹಟಾ ಹಿಡದಾಕಿ ಆಕಿ. ಆಕಿ ಜೀವಕ್ಕ ಆಕೀನ ಕುತ್ತು ತಂದಕೊಂಡ್ಲು, ನಾ ಏನ್ ಮಾಡ್ಲಿ?"

ಸಭೆ ಉಸಿರು ಬಿಟ್ಟಿತು. ಹೌದಲ್ಲ, ಪಾಪ, ಆಕೆಯೂ ಹಟಮಾರಿಯೇ ಎಂಬ ಪಿಸುಮಾತು ಮೂಲೆಯಿಂದ ಮೂಲೆಗೆ ಹೋಯಿತು. ಸತ್ತವರು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ. ಹುಡುಗನನ್ನು ಬಿಡಿಸಲು ಹೋಗಿ ನನ್ನ ಅಕ್ಕನನ್ನೇ ಅವರ ಕೈಗೆ ಕೊಟ್ಟಿದ್ದೆ. ಅಷ್ಟರಲ್ಲಿ ಹುಡುಗ ಬಾಗಿಲು ಬಿಟ್ಟು ನಡುಮನೆಗೆ ಬಂದ.

"ಅಮ್ಮಾವ ಸೊಲ್ಲಾದೀಂಗಪ್ಪಾ" ಅಂದ. ಅಮ್ಮನನ್ನು ಅನ್ನಬೇಡಿ. "ವೀಲ್ ನಾನ್ ತಾನೇ ಪೋಟ್ಟೇನ್." ಚಕ್ರ ಹಾಕಿಸಿದವನು ನಾನೇ ತಾನೆ. ಆಮೇಲೆ ಎಲ್ಲರ ಕಡೆಗೂ ತಿರುಗಿ, ಚಿತ್ತಿಗೆ ಸರಿಯಾಗಿ ಗೊತ್ತಿಲ್ಲ, ಆ ಚಕ್ರದಿಂದಲೇ ಗಾಡಿ ತಿರುಗದೆ ಹೋಯಿತು, ತಪ್ಪು ನನ್ನದೇ ಎಂದು ಸ್ಪಷ್ಟವಾಗಿ ಹೇಳಿದ. ಅವನು ನನ್ನ ಕಡೆ ನೋಡಲಿಲ್ಲ.

ಕೋಣೆ ಹಗುರವಾಯಿತು. ಯಾರೋ ಎಲೆ ಹಾಕಲು ಹೇಳಿದರು. ಅಯ್ಯನವರು ಪಾದ ಮುಂದೆ ಚಾಚಿದರು. ಭಾವ ತಮ್ಮನ ಮಗನ ಕೈಯಿಂದ ತಂಬಿಗೆ ತೆಗೆದುಕೊಂಡು ತಮ್ಮ ಮಗನ ಹತ್ತಿರ ಬಂದರು. "ಒಪ್ಪಿಕೊಂಡೆಲ್ಲ, ಸಾಕು. ಇನ್ನರ ಬುದ್ಧಿ ಕಲಿ" ಅಂದರು. ಅಷ್ಟು ಜನರ ಎದುರಿಗೆ ಅವನ ತಲೆಯ ಮೇಲೆ ಕೈಯಿಟ್ಟು ಅವನನ್ನು ಕ್ಷಮಿಸಿದರು.